ಒಂದು ಪ್ರಾಜೆಕ್ಟಿನ ಭಾಗವನ್ನು ಬೇರೆ ರೆಪೊಸಿಟರಿಯಾಗಿ ಹಂಚಿಕೊಳ್ಳುವುದು: ಗಿಟ್ ಸಬ್‌ಮಾಡ್ಯೂಲ್ ಬಳಸುವ ಕ್ರಮ

ಕನ್ನಡದ ಸ್ಪೆಲ್‌ಚೆಕರ್ ಒಂದನ್ನು ಜಾಲತಾಣವಾಗಿ ಕಟ್ಟಿರುವ ತಂಡವೊಂದು ಅದೇ ಸೌಲಭ್ಯವನ್ನು ಆಂಡ್ರಾಯ್ಡ್ ಆ್ಯಪ್‌ನಲ್ಲಿಯೂ ಕೊಡಲು ಹೊರಟಿದೆ ಎಂದುಕೊಳ್ಳೋಣ. ಜಾಲತಾಣದ ರೆಪೊಸಿಟರಿಯೊಳಗೆ (ಫೈಲುಗಳನ್ನೂ ಅವುಗಳ ಬದಲಾವಣೆಯ ಇತಿಹಾಸವನ್ನೂ ಒಟ್ಟಿಗೆ ಇಡುವ ಸಂಗ್ರಹ) ‘ಪದಕೋಶ’ ಎಂಬ ಫೋಲ್ಡರ್ ಇದೆ. ಅದರಲ್ಲಿ ಪದಪಟ್ಟಿ, ವಿಭಕ್ತಿ ಪ್ರತ್ಯಯಗಳ ನಿಯಮಗಳು, ಪಠ್ಯವನ್ನು ಒಂದೇ ಯೂನಿಕೋಡ್ ರೂಪಕ್ಕೆ ತರುವ ಸಣ್ಣ ಪ್ರೋಗ್ರಾಂ ಇವೆ. ಆ್ಯಪ್‌ಗೂ ಇವೇ ಬೇಕು. ಫೋಲ್ಡರನ್ನು ಕಾಪಿ ಮಾಡಿ ಹಾಕಿಕೊಂಡರೆ ಅಂದಿನ ಕೆಲಸ ಮುಗಿಯುತ್ತದೆ. ಆದರೆ ಸ್ವಲ್ಪ ಕಾಲದಲ್ಲೇ ಜಾಲತಾಣದಲ್ಲಿ ತಿದ್ದಿದ ಪದ ಆ್ಯಪ್‌ನಲ್ಲಿ ತಪ್ಪಾಗಿಯೇ ಉಳಿಯುತ್ತದೆ, ಆ್ಯಪ್‌ನಲ್ಲಿ ಸೇರಿಸಿದ ಪದ ಜಾಲತಾಣಕ್ಕೆ ಬರುವುದಿಲ್ಲ, ಎರಡರಲ್ಲಿ ಸರಿಯಾದ ಪ್ರತಿ ಯಾವುದು ಎಂದು ಹೇಳಬಲ್ಲವರು ಯಾರೂ ಇರುವುದಿಲ್ಲ.

ಇಂತಹ ಹಂಚಿಕೆಗೆಂದೇ, ಫೈಲುಗಳ ಬದಲಾವಣೆಗಳನ್ನು ದಾಖಲಿಸುವ ಗಿಟ್ ಎಂಬ ತಂತ್ರಾಂಶದಲ್ಲಿ 2007ರಿಂದ, ಅಂದರೆ 1.5.3ನೇ ಆವೃತ್ತಿಯಿಂದ, ಒಂದು ರೆಪೊಸಿಟರಿಯೊಳಗೆ ಇನ್ನೊಂದನ್ನು ಜೋಡಿಸುವ ಸಬ್‌ಮಾಡ್ಯೂಲ್ ಎಂಬ ಸೌಲಭ್ಯವಿದೆ. ಅದನ್ನು ಬಳಸಲು ತೊಂದರೆಪಡುವವರು ಬಹಳ ಮಂದಿ, ಮತ್ತು ಆ ತೊಂದರೆಗಳೆಲ್ಲ ಸಾಮಾನ್ಯವಾಗಿ ಒಂದೇ ಸಂಗತಿ ಮನದಟ್ಟಾಗದಿರುವುದರಿಂದ ಹುಟ್ಟುತ್ತವೆ: ತಾಯಿ ರೆಪೊಸಿಟರಿಯಲ್ಲಿ (ಸಬ್‌ಮಾಡ್ಯೂಲನ್ನು ಬಳಸಿಕೊಳ್ಳುವ ರೆಪೊಸಿಟರಿ) ಸಬ್‌ಮಾಡ್ಯೂಲಿನ ಫೈಲುಗಳು ಇರುವುದಿಲ್ಲ, ಅದರ ಯಾವ ಕಮಿಟ್ (ಇತಿಹಾಸದಲ್ಲಿ ದಾಖಲಾದ ಒಂದು ಸ್ಥಿತಿ) ಬೇಕು ಎಂಬ ಗುರುತು ಮಾತ್ರ ಇರುತ್ತದೆ. ಮುಂದಿನ ಹಂತಗಳನ್ನು ಓದುವಾಗ ಈ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಪ್ರತಿಯೊಂದು ಕಮಾಂಡ್ ಏಕೆ ಬೇಕೆಂಬುದು ತಾನಾಗಿ ತಿಳಿಯುತ್ತದೆ.

ಕಮಾಂಡುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಹೈಫನ್ ಮತ್ತು ಚುಕ್ಕೆಗಳನ್ನು ಇರುವಂತೆಯೇ ಉಳಿಸಿಕೊಂಡು ಟೈಪ್ ಮಾಡಬೇಕು.

ಮೊದಲು: ಬೇರ್ಪಡಿಸಬೇಕೇ ಎಂದು ನಿರ್ಧರಿಸಿ

ಕಳೆದ ಕೆಲವು ತಿಂಗಳ ಕಮಿಟ್‌ಗಳನ್ನು ತೆರೆದು ನೋಡಿ. ಪದಕೋಶವನ್ನು ಮುಟ್ಟಿದ ಕಮಿಟ್‌ಗಳಲ್ಲಿ ಹೆಚ್ಚಿನವು ಜಾಲತಾಣದ ಕೋಡನ್ನೂ ಮುಟ್ಟಿದ್ದರೆ, ಅವೆರಡೂ ಇನ್ನೂ ಒಂದೇ ವಸ್ತು. ಅವನ್ನು ಈಗಲೇ ಬೇರ್ಪಡಿಸಿದರೆ ಪ್ರತಿ ಸಣ್ಣ ಬದಲಾವಣೆಗೂ ಎರಡು ಕಮಿಟ್, ಎರಡು ಪುಶ್ (ಸರ್ವರಿಗೆ ಕಳುಹಿಸುವುದು), ಎರಡು ಪರಿಶೀಲನೆ ಬೇಕಾಗುತ್ತದೆ. ಪದಕೋಶ ತನ್ನದೇ ವೇಗದಲ್ಲಿ ಬದಲಾಗುತ್ತಿದ್ದರೆ, ಅದನ್ನು ತಿದ್ದುವವರು ಬೇರೆಯೇ ಜನರಾಗಿದ್ದರೆ, ಅಥವಾ ಕೋಡನ್ನು ಗುಟ್ಟಾಗಿಟ್ಟು ಪದಪಟ್ಟಿಯನ್ನು ಮಾತ್ರ ಸಾರ್ವಜನಿಕಗೊಳಿಸುವ ಉದ್ದೇಶವಿದ್ದರೆ ಬೇರ್ಪಡಿಸುವುದರಲ್ಲಿ ಅರ್ಥವಿದೆ.

ಹಂಚಿಕೊಳ್ಳಬೇಕಾದ ಭಾಗ ಒಂದೇ ಪ್ರೋಗ್ರಾಮಿಂಗ್ ಭಾಷೆಯ ಲೈಬ್ರರಿಯಾಗಿದ್ದರೆ ಎನ್‌ಪಿಎಂ, ಪಿಪ್, ಗೋ ಮಾಡ್ಯೂಲ್ ಮುಂತಾದ ಪ್ಯಾಕೇಜ್ ವ್ಯವಸ್ಥೆಯನ್ನೇ ಬಳಸುವುದು ಉತ್ತಮ ಎಂಬುದು ನನ್ನ ಅಭಿಪ್ರಾಯ. ನಮ್ಮ ಉದಾಹರಣೆಯಲ್ಲಿ ಇರುವುದು ಬಹುಪಾಲು ದತ್ತಾಂಶ. ಅದನ್ನು ಓದುವವು ಬೇರೆ ಬೇರೆ ಭಾಷೆಯ ಎರಡು ಪ್ರಾಜೆಕ್ಟುಗಳು. ಆದ್ದರಿಂದ ಸಬ್‌ಮಾಡ್ಯೂಲ್ ಇಲ್ಲಿ ಸರಿಯಾಗಿ ಹೊಂದುತ್ತದೆ.

ಇತಿಹಾಸದೊಂದಿಗೆ ಫೋಲ್ಡರನ್ನು ಹೊರತೆಗೆಯುವುದು

ಫೈಲುಗಳನ್ನು ಹೊಸ ರೆಪೊಸಿಟರಿಗೆ ಹಾಗೆಯೇ ಕಾಪಿ ಮಾಡಿದರೆ, ಯಾವ ಪದವನ್ನು ಯಾರು ಯಾವಾಗ ಏಕೆ ತಿದ್ದಿದರು ಎಂಬ ದಾಖಲೆ ಕಳೆದುಹೋಗುತ್ತದೆ. ಪದಪಟ್ಟಿಯಂತಹ ಕೆಲಸದಲ್ಲಿ ಆ ದಾಖಲೆಯ ಬೆಲೆ ದೊಡ್ಡದು. ಅದನ್ನು ಉಳಿಸಿಕೊಳ್ಳಲು ಜಾಲತಾಣದ ರೆಪೊಸಿಟರಿಯಲ್ಲಿ ನಿಂತು ಹೀಗೆ ಮಾಡಿ:

ಗಿಟ್ ಸಬ್‌ಟ್ರೀ ಸ್ಪ್ಲಿಟ್ --ಪ್ರಿಫಿಕ್ಸ್=ಪದಕೋಶ -ಬಿ ಪದಕೋಶ-ಮಾತ್ರ

ಇದು ಪದಕೋಶವನ್ನು ಮುಟ್ಟಿದ ಕಮಿಟ್‌ಗಳನ್ನಷ್ಟೇ ಆಯ್ದು, ಆ ಫೋಲ್ಡರಿನ ಒಳಗಿನದನ್ನೇ ಬೇರಾಗಿಸಿ, ಹೊಸ ಬ್ರ್ಯಾಂಚ್ (ಕಮಿಟ್‌ಗಳ ಪ್ರತ್ಯೇಕ ಸಾಲು) ಒಂದನ್ನು ಕಟ್ಟುತ್ತದೆ. ರೆಪೊಸಿಟರಿಗಳನ್ನು ಇಡುವ ತಾಣಗಳಾದ ಗಿಟ್‌ಹಬ್ ಅಥವಾ ಗಿಟ್‌ಲ್ಯಾಬ್‌ನಲ್ಲಿ ಖಾಲಿ ರೆಪೊಸಿಟರಿಯೊಂದನ್ನು ತೆರೆದು, ಈ ಬ್ರ್ಯಾಂಚನ್ನು ಅಲ್ಲಿಗೆ ಕಳುಹಿಸಿ:

ಗಿಟ್ ಪುಶ್ <ಹೊಸ ವಿಳಾಸ> ಪದಕೋಶ-ಮಾತ್ರ:ಮೇನ್

ಇತಿಹಾಸ ಬಹಳ ದೊಡ್ಡದಿದ್ದರೆ, ಅಥವಾ ಫೋಲ್ಡರ್ ಹಿಂದೆ ಬೇರೆ ಹೆಸರಿನಲ್ಲಿದ್ದರೆ, ‘ಗಿಟ್ ಫಿಲ್ಟರ್-ರೆಪೊ’ ಎಂಬ ಸಾಧನ ಹೆಚ್ಚು ಅನುಕೂಲ. ಇದು ಗಿಟ್‌ನೊಂದಿಗೆ ಬರುವುದಿಲ್ಲ, ಪೈಥಾನ್‌ನಲ್ಲಿ ಬರೆದ ಪ್ರತ್ಯೇಕ ಪ್ರೋಗ್ರಾಂ. ಹಳೆಯ ಲೇಖನಗಳಲ್ಲಿ ಕಾಣುವ ‘ಫಿಲ್ಟರ್-ಬ್ರ್ಯಾಂಚ್’ ಅನ್ನು ಬಳಸಬೇಡಿರೆಂದು ಗಿಟ್‌ನ ಅಧಿಕೃತ ಕೈಪಿಡಿಯೇ ಸೂಚಿಸುತ್ತದೆ. ಫಿಲ್ಟರ್-ರೆಪೊ ಇತಿಹಾಸವನ್ನೇ ಹೊಸದಾಗಿ ಬರೆಯುವುದರಿಂದ ಅದನ್ನು ಹೊಸದಾಗಿ ಮಾಡಿಕೊಂಡ ಕ್ಲೋನ್‌ನಲ್ಲಿ, ಅಂದರೆ ರೆಪೊಸಿಟರಿಯ ಪೂರ್ಣ ಪ್ರತಿಯಲ್ಲಿ, ಮಾತ್ರ ನಡೆಸಬೇಕು. ಸಾಮಾನ್ಯ ಕೆಲಸದ ಪ್ರತಿಯಲ್ಲಿ ನಡೆಸಲು ಅದೂ ಒಪ್ಪುವುದಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಪದಕೋಶವನ್ನು ಮುಟ್ಟುವ ಬ್ರ್ಯಾಂಚ್‌ಗಳು ಇನ್ನೂ ಮುಖ್ಯ ಬ್ರ್ಯಾಂಚಿಗೆ ಮರ್ಜ್ ಆಗದೆ (ಸೇರದೆ) ಉಳಿದಿದ್ದರೆ ಮೊದಲು ಅವನ್ನು ಮುಗಿಸಿಕೊಳ್ಳಿ, ಏಕೆಂದರೆ ಫೋಲ್ಡರ್ ಇದ್ದ ಜಾಗಕ್ಕೆ ಸಬ್‌ಮಾಡ್ಯೂಲ್ ಬಂದ ಮೇಲೆ ಅವುಗಳನ್ನು ಮರ್ಜ್ ಮಾಡುವುದು ತುಂಬ ಕಷ್ಟ. ಇನ್ನು, ಹೀಗೆ ಹೊರತೆಗೆದ ಮಾತ್ರಕ್ಕೆ ಹಳೆಯ ರೆಪೊಸಿಟರಿಯ ಇತಿಹಾಸದಿಂದ ಆ ಫೈಲುಗಳು ಅಳಿಯುವುದಿಲ್ಲ. ಹಾಗೆಯೇ, ಆ ಫೋಲ್ಡರಿನಲ್ಲಿ ಎಂದಾದರೂ ಪಾಸ್‌ವರ್ಡ್ ಇದ್ದಿದ್ದರೆ ಅದು ಹೊಸ ರೆಪೊಸಿಟರಿಯ ಇತಿಹಾಸಕ್ಕೂ ಬಂದಿರುತ್ತದೆ. ಸಾರ್ವಜನಿಕಗೊಳಿಸುವ ಮುನ್ನ ಇದನ್ನು ತಪ್ಪದೆ ಪರೀಕ್ಷಿಸಿ.

ತಾಯಿ ರೆಪೊಸಿಟರಿಗೆ ಜೋಡಿಸುವುದು

ಜಾಲತಾಣದ ರೆಪೊಸಿಟರಿಯಲ್ಲಿ ಹಳೆಯ ಫೋಲ್ಡರನ್ನು ತೆಗೆದು, ಅದೇ ಜಾಗಕ್ಕೆ ಸಬ್‌ಮಾಡ್ಯೂಲನ್ನು ತನ್ನಿ:

ಗಿಟ್ ಆರ್‌ಎಂ -ಆರ್ ಪದಕೋಶ
ಗಿಟ್ ಸಬ್‌ಮಾಡ್ಯೂಲ್ ಆಡ್ ../ಪದಕೋಶ.ಗಿಟ್ ಪದಕೋಶ

ಎರಡನ್ನೂ ಒಂದೇ ಕಮಿಟ್‌ನಲ್ಲಿ ಸೇರಿಸಿ. ಆಗ ಪದಕೋಶವೇ ಇಲ್ಲದ ಸ್ಥಿತಿ ಇತಿಹಾಸದಲ್ಲಿ ಎಲ್ಲಿಯೂ ಉಳಿಯುವುದಿಲ್ಲ. ಫೋಲ್ಡರಿನ ಹೆಸರು ಮತ್ತು ಜಾಗ ಮೊದಲಿನವೇ ಆಗಿರುವುದರಿಂದ ಅದನ್ನು ಓದುವ ಕೋಡನ್ನು ಬದಲಿಸಬೇಕಾಗಿಲ್ಲ. ಎರಡನೆಯ ಕಮಾಂಡ್ ‘ಫೋಲ್ಡರ್ ಈಗಾಗಲೇ ಇದೆ’ ಎಂದು ನಿರಾಕರಿಸಿದರೆ ಗಾಬರಿಯಾಗಬೇಡಿ. ಗಿಟ್ ಗಮನಿಸದಂತೆ ಬಿಟ್ಟಿದ್ದ ಕ್ಯಾಶ್ ಫೈಲುಗಳೋ ಬಿಲ್ಡ್ ಫೈಲುಗಳೋ ಅಲ್ಲಿ ಉಳಿದಿರುತ್ತವೆ. ಅವನ್ನು ನೋಡಿ, ಬೇಡವಾದರೆ ಅಳಿಸಿ, ಮತ್ತೆ ಪ್ರಯತ್ನಿಸಿ.

ವಿಳಾಸವನ್ನು ಪೂರ್ತಿಯಾಗಿ ಬರೆಯದೆ ‘../’ ಎಂದು ಆರಂಭಿಸಿದ್ದಕ್ಕೆ ಕಾರಣವಿದೆ. ಆಗ ಗಿಟ್ ಆ ವಿಳಾಸವನ್ನು ತಾಯಿ ರೆಪೊಸಿಟರಿಯ ವಿಳಾಸದಿಂದ ಲೆಕ್ಕ ಹಾಕುತ್ತದೆ. ಎಸ್‌ಎಸ್‌ಎಚ್ ಮೂಲಕ ಕ್ಲೋನ್ ಮಾಡಿದವರಿಗೆ ಸಬ್‌ಮಾಡ್ಯೂಲೂ ಎಸ್‌ಎಸ್‌ಎಚ್ ಮೂಲಕ ಬರುತ್ತದೆ, ಎಚ್‌ಟಿಟಿಪಿಎಸ್ ಬಳಸಿದವರಿಗೆ ಅದರ ಮೂಲಕವೇ ಬರುತ್ತದೆ. ಆದರೆ ಹೊರಗಿನವರು ನಿಮ್ಮ ತಾಯಿ ರೆಪೊಸಿಟರಿಯನ್ನು ಮಾತ್ರ ಫೋರ್ಕ್ ಮಾಡಿಕೊಂಡರೆ (ತಮ್ಮ ಖಾತೆಗೆ ಪ್ರತಿ ಮಾಡಿಕೊಂಡರೆ), ಅವರ ಖಾತೆಯಲ್ಲಿ ಪಕ್ಕದ ಪದಕೋಶ ಇರುವುದಿಲ್ಲವಾದ್ದರಿಂದ ವಿಳಾಸ ತಪ್ಪುತ್ತದೆ. ಫೋರ್ಕ್ ಮೂಲಕ ಕೊಡುಗೆ ಸ್ವೀಕರಿಸುವ ಮುಕ್ತ ಪ್ರಾಜೆಕ್ಟುಗಳಲ್ಲಿ ಪೂರ್ಣ ಎಚ್‌ಟಿಟಿಪಿಎಸ್ ವಿಳಾಸವೇ ಒಳ್ಳೆಯದು.

ನಿಮ್ಮ ಕಂಪ್ಯೂಟರಿನಲ್ಲೇ ಎರಡು ಫೋಲ್ಡರ್ ಮಾಡಿಕೊಂಡು ಇದನ್ನು ಅಭ್ಯಾಸ ಮಾಡುವವರಿಗೆ ‘ಟ್ರಾನ್ಸ್‌ಪೋರ್ಟ್ ಫೈಲ್ ನಾಟ್ ಅಲೌಡ್’ ಎಂಬ ದೋಷ ಬರುವುದುಂಟು. 2022ರ ಅಕ್ಟೋಬರಿನಲ್ಲಿ ಬಂದ 2.38.1ನೇ ಆವೃತ್ತಿಯಲ್ಲಿ, ಭದ್ರತೆಯ ಕಾರಣಕ್ಕೆ, ಸಬ್‌ಮಾಡ್ಯೂಲಿನ ಮೂಲವಾಗಿ ಸ್ಥಳೀಯ ಫೋಲ್ಡರ್ ಕೊಡುವುದನ್ನು ಗಿಟ್ ನಿರ್ಬಂಧಿಸಿತು. ಅಭ್ಯಾಸದ ಮಟ್ಟಿಗೆ ‘ಗಿಟ್’ ಪದದ ನಂತರ ‘-ಸಿ ಪ್ರೊಟೊಕಾಲ್.ಫೈಲ್.ಅಲೌ=ಆಲ್ವೇಸ್’ ಎಂದು ಸೇರಿಸಿದರೆ ಸಾಕು; ಅದನ್ನು ಶಾಶ್ವತ ಸೆಟ್ಟಿಂಗ್ ಮಾಡಿಕೊಳ್ಳಬೇಡಿ.

ಗಿಟ್ ಏನನ್ನು ದಾಖಲಿಸಿತು

ಈಗ ಒಂದು ನಿಮಿಷ ನಿಂತು ನೋಡುವುದು ಒಳ್ಳೆಯದು. ಮೇಲಿನ ಕೆಲಸದಿಂದ ಎರಡು ವಸ್ತುಗಳು ಸೃಷ್ಟಿಯಾಗಿವೆ. ಒಂದು ‘.ಗಿಟ್‌ಮಾಡ್ಯೂಲ್ಸ್’ ಎಂಬ ಪಠ್ಯ ಫೈಲ್. ಅದರಲ್ಲಿ ಸಬ್‌ಮಾಡ್ಯೂಲಿನ ಹೆಸರು, ಜಾಗ, ವಿಳಾಸ ಇರುತ್ತವೆ. ಇನ್ನೊಂದನ್ನು ಕಾಣಲು, ಕಮಿಟ್ ಮಾಡಿದ ನಂತರ, ‘ಗಿಟ್ ಎಲ್‌ಎಸ್-ಟ್ರೀ ಹೆಡ್’ ಎಂದು ಕೊಡಿ. ಸಾಮಾನ್ಯ ಫೈಲುಗಳ ಮುಂದೆ 100644 ಎಂಬ ಸಂಖ್ಯೆ ಮತ್ತು ‘ಬ್ಲಾಬ್’ ಎಂಬ ಪದ, ಫೋಲ್ಡರುಗಳ ಮುಂದೆ 040000 ಮತ್ತು ‘ಟ್ರೀ’ ಕಾಣುತ್ತವೆ. ಪದಕೋಶದ ಸಾಲಿನಲ್ಲಿ ಮಾತ್ರ 160000 ಎಂದಿದ್ದು, ‘ಕಮಿಟ್’ ಎಂಬ ಪದವೂ 40 ಅಕ್ಷರಗಳ ಒಂದು ಗುರುತೂ ಇರುತ್ತವೆ. ಪದಕೋಶದ ಬಗ್ಗೆ ತಾಯಿ ರೆಪೊಸಿಟರಿಯ ಆ ಕಮಿಟ್‌ಗೆ ಗೊತ್ತಿರುವುದು ಆ ಗುರುತು ಒಂದೇ. ಪದಕೋಶದಲ್ಲಿ ನಾಳೆ ನೂರು ಹೊಸ ಪದ ಸೇರಿದರೂ, ತಾಯಿಯಲ್ಲಿ ಯಾರಾದರೂ ಈ ಗುರುತನ್ನು ಬದಲಿಸಿ ಕಮಿಟ್ ಮಾಡುವವರೆಗೆ, ಜಾಲತಾಣ ಹಳೆಯ ಪದಪಟ್ಟಿಯನ್ನೇ ಬಳಸುತ್ತದೆ. ಇದನ್ನು ಕೊರತೆಯೆಂದು ಭಾವಿಸುವವರಿದ್ದಾರೆ. ನನಗೆ ಇದೇ ಸಬ್‌ಮಾಡ್ಯೂಲಿನ ಮುಖ್ಯ ಗುಣವಾಗಿ ಕಾಣುತ್ತದೆ, ಏಕೆಂದರೆ ಎರಡು ವರ್ಷದ ಹಿಂದಿನ ಬಿಡುಗಡೆಯನ್ನು ಇಂದು ತೆರೆದರೂ ಅಂದು ಜೊತೆಗಿದ್ದ ಪದಪಟ್ಟಿಯೇ ಸಿಗುತ್ತದೆ.

ಉಳಿದವರು ಕ್ಲೋನ್ ಮಾಡುವುದು

ಸಾಮಾನ್ಯ ಕ್ಲೋನ್ ಮಾಡಿದವರಿಗೆ ಪದಕೋಶ ಎಂಬ ಖಾಲಿ ಫೋಲ್ಡರ್ ಮಾತ್ರ ಸಿಗುತ್ತದೆ. ಹೊಸಬರು ಮೊದಲ ದಿನವೇ ಎಡವುವ ಜಾಗ ಇದು. ರೀಡ್‌ಮಿ ಫೈಲಿನ ಮೊದಲ ಸಾಲುಗಳಲ್ಲೇ ಈ ಕಮಾಂಡ್ ಬರೆದಿಡಿ:

ಗಿಟ್ ಕ್ಲೋನ್ --ರಿಕರ್ಸ್-ಸಬ್‌ಮಾಡ್ಯೂಲ್ಸ್ <ವಿಳಾಸ>

ಈಗಾಗಲೇ ಕ್ಲೋನ್ ಮಾಡಿಕೊಂಡವರಿಗೆ:

ಗಿಟ್ ಸಬ್‌ಮಾಡ್ಯೂಲ್ ಅಪ್‌ಡೇಟ್ --ಇನಿಟ್ --ರಿಕರ್ಸಿವ್

ಗಿಟ್‌ಹಬ್‌ನಿಂದ ಜಿಪ್ ಆಗಿ ಇಳಿಸಿಕೊಂಡವರಿಗೆ ಸಬ್‌ಮಾಡ್ಯೂಲಿನ ಫೈಲುಗಳು ಬರುವುದಿಲ್ಲ. ಗಿಟ್ ಬಳಸದ ಜನರೂ ನಿಮ್ಮ ಪ್ರಾಜೆಕ್ಟನ್ನು ಇಳಿಸಿಕೊಳ್ಳುತ್ತಾರಾದರೆ, ಎಲ್ಲವನ್ನೂ ಒಳಗೊಂಡ ಜಿಪ್ಪನ್ನು ನೀವೇ ತಯಾರಿಸಿ ಬಿಡುಗಡೆಯ ಪುಟದಲ್ಲಿ ಇಡಬೇಕು. ಇನ್ನೊಂದು ಮಾತು: ಅಪರಿಚಿತರ ರೆಪೊಸಿಟರಿಯನ್ನು ಸಬ್‌ಮಾಡ್ಯೂಲ್ ಸಹಿತ ಕ್ಲೋನ್ ಮಾಡುವಾಗ ಹಾನಿಕರ ಕೋಡ್ ನಡೆಯಬಹುದಾಗಿದ್ದ ದೋಷವೊಂದನ್ನು 2024ರ ಮೇ ತಿಂಗಳಲ್ಲಿ 2.45.1ರಲ್ಲಿ ಸರಿಪಡಿಸಲಾಯಿತು. ನಿಮ್ಮ ಗಿಟ್ ಅದಕ್ಕಿಂತ ಹಳೆಯದಾಗಿದ್ದರೆ ಹೊಸದಾಗಿಸಿಕೊಳ್ಳಿ.

ದಿನನಿತ್ಯದ ಪುಲ್, ಮತ್ತು ಸದ್ದಿಲ್ಲದೆ ನಡೆಯುವ ತಪ್ಪು

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವ ಹಂತ ಇದು. ಸಹೋದ್ಯೋಗಿಯೊಬ್ಬರು ಪದಕೋಶದ ಗುರುತನ್ನು ಹೊಸ ಕಮಿಟ್‌ಗೆ ಏರಿಸಿ ಪುಶ್ ಮಾಡಿದ್ದಾರೆ. ಸರ್ವರಿನಿಂದ ಹೊಸದನ್ನು ತರಲು ನೀವು ತಾಯಿ ರೆಪೊಸಿಟರಿಯಲ್ಲಿ ‘ಗಿಟ್ ಪುಲ್’ ಮಾಡುತ್ತೀರಿ. ನಿಮ್ಮ ಪ್ರತಿಯಲ್ಲಿ ಗುರುತು ಹೊಸದಾಗುತ್ತದೆ, ಆದರೆ ಪದಕೋಶ ಫೋಲ್ಡರಿನಲ್ಲಿರುವ ಫೈಲುಗಳು ಹಳೆಯವೇ ಆಗಿರುತ್ತವೆ. ‘ಗಿಟ್ ಸ್ಟೇಟಸ್’ ಕೊಟ್ಟರೆ ಪದಕೋಶ ‘ಮಾಡಿಫೈಡ್’ ಎಂದೂ, ಪಕ್ಕದಲ್ಲಿ ‘ನ್ಯೂ ಕಮಿಟ್ಸ್’ ಎಂದೂ ಕಾಣುತ್ತದೆ. ನೀವು ಏನನ್ನೂ ಬದಲಿಸಿಲ್ಲ; ಆದರೂ ಗಿಟ್‌ನ ದೃಷ್ಟಿಯಲ್ಲಿ ಅದು ನಿಮ್ಮ ಬದಲಾವಣೆ. ಈ ಸ್ಥಿತಿಯಲ್ಲಿ ಬೇರೆ ಯಾವುದೋ ಕೆಲಸಕ್ಕಾಗಿ ‘ಗಿಟ್ ಆಡ್ .’ ಎಂದೋ ‘ಗಿಟ್ ಕಮಿಟ್ -ಎ’ ಎಂದೋ ಕೊಟ್ಟರೆ, ಸಹೋದ್ಯೋಗಿ ಏರಿಸಿದ ಗುರುತು ನಿಮ್ಮ ಕಮಿಟ್‌ನೊಂದಿಗೆ ಹಿಂದಕ್ಕೆ ಹೋಗುತ್ತದೆ. ಕಾನ್‌ಫ್ಲಿಕ್ಟ್ (ಬದಲಾವಣೆಗಳ ತಿಕ್ಕಾಟ) ಬರುವುದಿಲ್ಲ, ದೋಷವೂ ಕಾಣುವುದಿಲ್ಲ. ತಿದ್ದಿ ಮುಗಿಸಿದ್ದ ಪದಗಳು ಜಾಲತಾಣದಲ್ಲಿ ಮತ್ತೆ ತಪ್ಪಾಗಿ ಕಾಣಿಸಿಕೊಂಡಾಗಲೇ ಅದು ತಿಳಿಯುವುದು.

ತಡೆಯುವ ದಾರಿ ಸರಳ. ತಂಡದ ಪ್ರತಿಯೊಬ್ಬರೂ ತಮ್ಮ ಕಂಪ್ಯೂಟರಿನಲ್ಲಿ ಒಮ್ಮೆ ಈ ಮೂರು ಸೆಟ್ಟಿಂಗ್ ಮಾಡಿಕೊಳ್ಳಲಿ:

ಗಿಟ್ ಕಾನ್ಫಿಗ್ --ಗ್ಲೋಬಲ್ ಸಬ್‌ಮಾಡ್ಯೂಲ್.ರಿಕರ್ಸ್ ಟ್ರೂ
ಗಿಟ್ ಕಾನ್ಫಿಗ್ --ಗ್ಲೋಬಲ್ ಡಿಫ್.ಸಬ್‌ಮಾಡ್ಯೂಲ್ ಲಾಗ್
ಗಿಟ್ ಕಾನ್ಫಿಗ್ --ಗ್ಲೋಬಲ್ ಪುಶ್.ರಿಕರ್ಸ್‌ಸಬ್‌ಮಾಡ್ಯೂಲ್ಸ್ ಚೆಕ್

ಮೊದಲನೆಯದರಿಂದ ಪುಲ್ ಮಾಡಿದಾಗ, ಬ್ರ್ಯಾಂಚ್ ಬದಲಿಸಿದಾಗ ಸಬ್‌ಮಾಡ್ಯೂಲಿನ ಫೈಲುಗಳೂ ಜೊತೆಗೇ ಬದಲಾಗುತ್ತವೆ. ಇದು ಕ್ಲೋನ್‌ಗೆ ಅನ್ವಯಿಸುವುದಿಲ್ಲ. ಯಾರಾದರೂ ಹೊಸದೊಂದು ಸಬ್‌ಮಾಡ್ಯೂಲ್ ಸೇರಿಸಿದ್ದರೆ ‘ಅಪ್‌ಡೇಟ್ --ಇನಿಟ್’ ಅನ್ನು ನೀವೇ ಒಮ್ಮೆ ನಡೆಸಬೇಕು. ಎರಡನೆಯದರಿಂದ ‘ಗಿಟ್ ಡಿಫ್’ ಬರಿಯ ಗುರುತುಗಳ ಬದಲು ಕಮಿಟ್ ಸಂದೇಶಗಳನ್ನೇ ತೋರಿಸುತ್ತದೆ: ಸೇರಿದವುಗಳ ಮುಂದೆ ‘>’ ಚಿಹ್ನೆ, ಹಿಂದೆ ಸರಿದವುಗಳ ಮುಂದೆ ‘<’ ಚಿಹ್ನೆ, ಜೊತೆಗೆ ‘ರಿವೈಂಡ್’ ಎಂಬ ಪದ. ಪರಿಶೀಲಿಸುವಾಗ ‘ರಿವೈಂಡ್’ ಕಂಡರೆ ಅಲ್ಲೇ ನಿಲ್ಲಿಸಿ ಕೇಳಿ. ಮೂರನೆಯದರ ಅಗತ್ಯ ಮುಂದಿನ ಹಂತದಲ್ಲಿದೆ.

ಸಬ್‌ಮಾಡ್ಯೂಲಿನ ಒಳಗೆ ಕೆಲಸ ಮಾಡುವುದು

‘ಸಬ್‌ಮಾಡ್ಯೂಲ್ ಅಪ್‌ಡೇಟ್’ ಆದ ನಂತರ ಪದಕೋಶ ಯಾವ ಬ್ರ್ಯಾಂಚ್‌ನಲ್ಲಿಯೂ ಇರುವುದಿಲ್ಲ. ತಾಯಿ ಕೇಳಿದ್ದು ಒಂದು ಕಮಿಟ್ ಆದ್ದರಿಂದ ಗಿಟ್ ನೇರವಾಗಿ ಆ ಕಮಿಟ್ಟನ್ನೇ ತೆರೆದಿರುತ್ತದೆ. ಇದನ್ನೇ ‘ಡಿಟ್ಯಾಚ್ಡ್ ಹೆಡ್’ ಎನ್ನುತ್ತಾರೆ. ಹಾಗಾಗಿ ಏನನ್ನಾದರೂ ತಿದ್ದುವ ಮೊದಲು ಪದಕೋಶದೊಳಗೆ ಹೋಗಿ ‘ಗಿಟ್ ಸ್ವಿಚ್ ಮೇನ್’ ಮಾಡಿ, ‘ಗಿಟ್ ಪುಲ್’ ಮಾಡಿ. ಇದನ್ನು ಮರೆತು ಕಮಿಟ್ ಮಾಡಿ, ಆಮೇಲೆ ಅಪ್‌ಡೇಟ್ ನಡೆಸಿದರೆ ಆ ಕಮಿಟ್ ಕಣ್ಣಿಗೆ ಕಾಣದಂತಾಗುತ್ತದೆ, ಆದರೆ ಅಳಿದಿರುವುದಿಲ್ಲ. ಪದಕೋಶದೊಳಗೆ ‘ಗಿಟ್ ರೆಫ್‌ಲಾಗ್’ ಕೊಟ್ಟರೆ ಅದರ ಗುರುತು ಸಿಗುತ್ತದೆ. ‘ಗಿಟ್ ಬ್ರ್ಯಾಂಚ್ ಉಳಿಸಿದ್ದು <ಗುರುತು>’ ಎಂದು ಕೊಟ್ಟರೆ ‘ಉಳಿಸಿದ್ದು’ ಎಂಬ ಹೆಸರಿನ ಬ್ರ್ಯಾಂಚಾಗಿ ಅದು ಮರಳಿ ಬರುತ್ತದೆ.

ತಿದ್ದುಪಡಿಯ ನಂತರದ ಕ್ರಮ ಬದಲಾಗಕೂಡದು: ಮೊದಲು ಪದಕೋಶದಲ್ಲಿ ಕಮಿಟ್ ಮತ್ತು ಪುಶ್, ಅದಾದ ಮೇಲೆ ತಾಯಿ ರೆಪೊಸಿಟರಿಗೆ ಬಂದು ‘ಗಿಟ್ ಆಡ್ ಪದಕೋಶ’, ಕಮಿಟ್, ಪುಶ್. ತಾಯಿಯನ್ನು ಮೊದಲು ಪುಶ್ ಮಾಡಿದರೆ, ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ ಇರುವ ಕಮಿಟ್ಟನ್ನು ಎಲ್ಲರೂ ಹುಡುಕುವಂತಾಗುತ್ತದೆ, ಮತ್ತು ಅವರಿಗೆ ‘ನಾಟ್ ಅವರ್ ರೆಫ್’ ಎಂಬ ದೋಷ ಬರುತ್ತದೆ. ಮೇಲಿನ ‘ಚೆಕ್’ ಸೆಟ್ಟಿಂಗ್ ಇದ್ದರೆ ಗಿಟ್ ಅಂತಹ ಪುಶ್ಶನ್ನೇ ತಡೆಯುತ್ತದೆ. ‘ಸಬ್‌ಮಾಡ್ಯೂಲ್.ರಿಕರ್ಸ್’ ಮಾತ್ರ ಇದ್ದು ‘ಚೆಕ್’ ಇಲ್ಲದಿದ್ದರೆ ಗಿಟ್ ಸಬ್‌ಮಾಡ್ಯೂಲನ್ನೂ ತಾನೇ ಪುಶ್ ಮಾಡಲು ಹೊರಡುತ್ತದೆ. ಅದು ಕೆಲವರಿಗೆ ಅನುಕೂಲವಾಗಬಹುದು. ಹಂಚಿಕೊಂಡ ಪದಕೋಶಕ್ಕೆ ಏನು ಹೋಗುತ್ತಿದೆ ಎಂದು ಒಮ್ಮೆ ಕಣ್ಣಾರೆ ನೋಡಿ ಕಳುಹಿಸುವುದೇ ನನಗೆ ಸರಿಯೆನಿಸುತ್ತದೆ.

ಪುಲ್ ರಿಕ್ವೆಸ್ಟ್ ಪದ್ಧತಿಯಿರುವ, ಅಂದರೆ ಬ್ರ್ಯಾಂಚನ್ನು ಪರಿಶೀಲಿಸಿ ಸೇರಿಸುವ, ತಂಡಗಳಲ್ಲಿ ಇನ್ನೊಂದು ಅಪಾಯವಿದೆ. ಪದಕೋಶದ ಫೀಚರ್ ಬ್ರ್ಯಾಂಚಿನ ಕಮಿಟ್ ಒಂದನ್ನು ತಾಯಿಯಲ್ಲಿ ಗುರುತು ಮಾಡಿ ಮರ್ಜ್ ಮಾಡಿದ್ದೀರಿ. ಆಮೇಲೆ ಪದಕೋಶದ ಕಡೆ ಆ ಬ್ರ್ಯಾಂಚನ್ನು ‘ಸ್ಕ್ವಾಶ್’ ಮಾಡಿ (ಕಮಿಟ್‌ಗಳನ್ನೆಲ್ಲ ಒಂದಾಗಿಸಿ) ಸೇರಿಸಿ, ಮೂಲ ಬ್ರ್ಯಾಂಚನ್ನು ಅಳಿಸಿದ್ದಾರೆ. ಸ್ಕ್ವಾಶ್ ಹೊಸ ಕಮಿಟ್ಟನ್ನೇ ಸೃಷ್ಟಿಸುವುದರಿಂದ ತಾಯಿ ಹಿಡಿದಿರುವ ಗುರುತು ಈಗ ಯಾವ ಬ್ರ್ಯಾಂಚಿಗೂ ಸೇರಿರುವುದಿಲ್ಲ. ಇಂದು ಅದು ಸಿಗಬಹುದು, ಯಾವ ಬ್ರ್ಯಾಂಚಿಗೂ ಸೇರದ ಕಮಿಟ್‌ಗಳನ್ನು ಸರ್ವರ್ ಗುಡಿಸಿ ಅಳಿಸಿದ ನಂತರ ಸಿಗದೇ ಹೋಗಬಹುದು. ಆದ್ದರಿಂದ ತಾಯಿಯ ಮೇನ್ ಬ್ರ್ಯಾಂಚ್ ಪದಕೋಶದ ಮೇನ್ ಬ್ರ್ಯಾಂಚಿನಲ್ಲಿರುವ ಕಮಿಟ್ಟನ್ನೇ ಗುರುತಿಸಬೇಕು, ಮತ್ತು ಪದಕೋಶದ ಮೇನ್‌ಗೆ ಫೋರ್ಸ್ ಪುಶ್ಶನ್ನು (ಇತಿಹಾಸವನ್ನು ಬಲವಂತವಾಗಿ ಬದಲಿಸುವ ಪುಶ್) ಸರ್ವರಿನ ಸೆಟ್ಟಿಂಗ್‌ನಲ್ಲೇ ನಿಷೇಧಿಸಬೇಕು.

ಹೊಸ ಆವೃತ್ತಿಗೆ ಏರುವುದು, ಕಾನ್‌ಫ್ಲಿಕ್ಟ್ ಬಿಡಿಸುವುದು

ಆ್ಯಪ್‌ನ ತಂಡ ಪದಕೋಶದ ಹೊಸ ಪದಗಳನ್ನು ತರಿಸಿಕೊಳ್ಳಬೇಕಾದಾಗ ‘ಗಿಟ್ ಸಬ್‌ಮಾಡ್ಯೂಲ್ ಅಪ್‌ಡೇಟ್ --ರಿಮೋಟ್ ಪದಕೋಶ’ ಎಂದು ಕೊಟ್ಟು, ಪರೀಕ್ಷೆಗಳನ್ನು ನಡೆಸಿ, ಬದಲಾದ ಗುರುತನ್ನು ಕಮಿಟ್ ಮಾಡಬೇಕು. ಯಾವ ಬ್ರ್ಯಾಂಚಿನಿಂದ ತರಬೇಕೆಂಬುದನ್ನು ‘ಗಿಟ್ ಸಬ್‌ಮಾಡ್ಯೂಲ್ ಸೆಟ್-ಬ್ರ್ಯಾಂಚ್ --ಬ್ರ್ಯಾಂಚ್ ಮೇನ್ ಪದಕೋಶ’ ಎಂದು ಒಮ್ಮೆ ನಿಗದಿ ಮಾಡಿಡಿ. ಬ್ರ್ಯಾಂಚಿನ ಹೆಸರನ್ನು ಬರೆದಿಟ್ಟ ಮಾತ್ರಕ್ಕೆ ಅದು ತಾನಾಗಿ ಹಿಂಬಾಲಿಸುವುದಿಲ್ಲ.

ಇಬ್ಬರು ಬೇರೆ ಬೇರೆ ಗುರುತುಗಳಿಗೆ ಏರಿಸಿದಾಗ, ಒಂದು ಇನ್ನೊಂದರ ಮುಂದುವರಿಕೆಯಾಗಿದ್ದರೆ ಗಿಟ್ ಹೊಸದನ್ನು ತಾನೇ ಆರಿಸಿಕೊಳ್ಳುತ್ತದೆ. ಹಾಗಲ್ಲದಿದ್ದರೆ ಕಾನ್‌ಫ್ಲಿಕ್ಟ್ ಬರುತ್ತದೆ. ಆಗ ಪದಕೋಶದೊಳಗೆ ಹೋಗಿ ಎರಡನ್ನೂ ಒಳಗೊಂಡ ಕಮಿಟ್ಟನ್ನು ತೆರೆದು, ಹೊರಗೆ ಬಂದು ‘ಗಿಟ್ ಆಡ್ ಪದಕೋಶ’ ಮಾಡಿದರೆ ಬಗೆಹರಿಯುತ್ತದೆ.

ಸಬ್‌ಮಾಡ್ಯೂಲಿನ ವಿಳಾಸವನ್ನು ‘.ಗಿಟ್‌ಮಾಡ್ಯೂಲ್ಸ್’ನಲ್ಲಿ ಬದಲಿಸಿದಾಗ, ಹಳೆಯ ಕ್ಲೋನ್‌ಗಳು ಹಳೆಯ ವಿಳಾಸವನ್ನೇ ಹಿಡಿದಿರುತ್ತವೆ. ಪ್ರತಿಯೊಬ್ಬರೂ ‘ಗಿಟ್ ಸಬ್‌ಮಾಡ್ಯೂಲ್ ಸಿಂಕ್’ ನಡೆಸಬೇಕು.

ಸ್ವಯಂಚಾಲಿತ ಬಿಲ್ಡ್

ಗಿಟ್‌ಹಬ್ ಆಕ್ಷನ್ಸ್‌ನ ಚೆಕ್‌ಔಟ್ ಹಂತಕ್ಕೆ ‘ಸಬ್‌ಮಾಡ್ಯೂಲ್ಸ್: ರಿಕರ್ಸಿವ್’ ಎಂದು ಸೇರಿಸಬೇಕು, ಗಿಟ್‌ಲ್ಯಾಬ್‌ನಲ್ಲಿ ‘ಗಿಟ್_ಸಬ್‌ಮಾಡ್ಯೂಲ್_ಸ್ಟ್ರ್ಯಾಟಜಿ’ ಎಂಬ ವೇರಿಯಬಲ್‌ಗೆ ‘ರಿಕರ್ಸಿವ್’ ಬೆಲೆ ಕೊಡಬೇಕು. ಪದಕೋಶ ಖಾಸಗಿಯಾಗಿದ್ದರೆ ಗಿಟ್‌ಹಬ್‌ನಲ್ಲಿ ಇಷ್ಟೇ ಸಾಲದು, ಏಕೆಂದರೆ ಬಿಲ್ಡ್‌ಗೆ ತಾನಾಗಿ ಸಿಗುವ ಟೋಕನ್ (ಪ್ರವೇಶದ ಗುಪ್ತ ಸಂಕೇತ) ತಾಯಿ ರೆಪೊಸಿಟರಿಗೆ ಮಾತ್ರ ಸೀಮಿತ. ಪದಕೋಶವನ್ನು ಓದಲು ಮಾತ್ರ ಅನುಮತಿಯಿರುವ ಡಿಪ್ಲಾಯ್ ಕೀ ಒಂದನ್ನು ಮಾಡಿ ಕೊಡಿ. ಯಾರದೋ ವೈಯಕ್ತಿಕ ಖಾತೆಯ ಟೋಕನ್ ಕೊಟ್ಟರೆ, ಅವರು ಕೆಲಸ ಬಿಟ್ಟ ದಿನ ಬಿಲ್ಡ್ ನಿಲ್ಲುತ್ತದೆ.

ಸಬ್‌ಟ್ರೀ ಯಾವಾಗ ಮೇಲು

ನಿಮ್ಮ ತಂಡದಲ್ಲಿ ಗಿಟ್‌ಗೆ ಹೊಸಬರೇ ಹೆಚ್ಚಾಗಿದ್ದು, ಪದಕೋಶದಿಂದ ಆಗಾಗ ತರಿಸಿಕೊಳ್ಳುವುದಷ್ಟೇ ಇದ್ದು, ಅದಕ್ಕೆ ತಿರುಗಿ ಕಳುಹಿಸುವುದು ಅಪರೂಪವಾಗಿದ್ದರೆ, ಸಬ್‌ಟ್ರೀ ನೆಮ್ಮದಿ ಕೊಡುತ್ತದೆ. ‘ಗಿಟ್ ಸಬ್‌ಟ್ರೀ ಆಡ್ --ಪ್ರಿಫಿಕ್ಸ್=ಪದಕೋಶ <ವಿಳಾಸ> ಮೇನ್ --ಸ್ಕ್ವಾಶ್’ ಎಂದರೆ ಫೈಲುಗಳೇ ತಾಯಿ ರೆಪೊಸಿಟರಿಗೆ ಬಂದು ಸೇರುತ್ತವೆ; ಕ್ಲೋನ್ ಮಾಡುವವರು, ಜಿಪ್ ಇಳಿಸಿಕೊಳ್ಳುವವರು ಏನನ್ನೂ ಹೆಚ್ಚಾಗಿ ತಿಳಿಯಬೇಕಾಗಿಲ್ಲ. ಹೊಸದನ್ನು ತರಲು ‘ಆಡ್’ ಜಾಗದಲ್ಲಿ ‘ಪುಲ್’ ಎಂದು ಕೊಟ್ಟರೆ ಆಯಿತು. ಆದರೆ ಮೊದಲ ಸಲ ಸ್ಕ್ವಾಶ್ ಬಳಸಿದ್ದರೆ ಪ್ರತಿ ಸಲವೂ ಬಳಸಬೇಕು, ಮತ್ತು ತಿರುಗಿ ಕಳುಹಿಸುವ ‘ಸಬ್‌ಟ್ರೀ ಪುಶ್’ ಇತಿಹಾಸವನ್ನೆಲ್ಲ ಸೋಸಿ ನೋಡುವುದರಿಂದ ದೊಡ್ಡ ರೆಪೊಸಿಟರಿಗಳಲ್ಲಿ ಬಹಳ ನಿಧಾನ. ಮೂಲ ವಿಳಾಸವನ್ನು ಅದು ‘.ಗಿಟ್‌ಮಾಡ್ಯೂಲ್ಸ್’ನಂತಹ ಫೈಲಿನಲ್ಲಿ ಬರೆದಿಡುವುದೂ ಇಲ್ಲ. ಅದನ್ನು ರೀಡ್‌ಮಿಯಲ್ಲಿ ನೀವೇ ಬರೆದಿಡಬೇಕು.

ಸಬ್‌ಮಾಡ್ಯೂಲನ್ನು ತೆಗೆದುಹಾಕುವುದು

ಮುಂದೆ ಸಬ್‌ಟ್ರೀಗೆ ಹೋಗುವುದಿದ್ದರೂ, ಪ್ಯಾಕೇಜ್ ಆಗಿ ಬದಲಿಸುವುದಿದ್ದರೂ, ಫೋಲ್ಡರನ್ನು ಕೈಯಿಂದ ಅಳಿಸಿಬಿಡಬೇಡಿ. ಒಳಗೆ ಪುಶ್ ಆಗದ ಕಮಿಟ್‌ಗಳಿಲ್ಲವೆಂದು ಖಚಿತಪಡಿಸಿಕೊಂಡು ಹೀಗೆ ಮಾಡಿ:

ಗಿಟ್ ಸಬ್‌ಮಾಡ್ಯೂಲ್ ಡಿಇನಿಟ್ ಪದಕೋಶ
ಗಿಟ್ ಆರ್‌ಎಂ ಪದಕೋಶ

ನಂತರ ಕಮಿಟ್ ಮಾಡಿ. ಎರಡನೆಯ ಕಮಾಂಡ್ ‘.ಗಿಟ್‌ಮಾಡ್ಯೂಲ್ಸ್’ನಲ್ಲಿದ್ದ ಸಾಲುಗಳನ್ನೂ ತೆಗೆಯುತ್ತದೆ. ಸಬ್‌ಮಾಡ್ಯೂಲಿನ ಪೂರ್ಣ ಇತಿಹಾಸ ಮಾತ್ರ ತಾಯಿಯ ‘.ಗಿಟ್/ಮಾಡ್ಯೂಲ್ಸ್/ಪದಕೋಶ’ ಎಂಬ ಜಾಗದಲ್ಲಿ ಉಳಿದಿರುತ್ತದೆ. ಹಳೆಯ ಬ್ರ್ಯಾಂಚ್‌ಗಳಿಗೆ ಆಗಾಗ ಹೋಗುವುದಿದ್ದರೆ ಅದು ಅಲ್ಲೇ ಇರಲಿ, ಮತ್ತೆ ಇಳಿಸಿಕೊಳ್ಳುವ ಕೆಲಸ ಉಳಿಯುತ್ತದೆ. ಅದೇ ಹೆಸರಿನಲ್ಲಿ ಬೇರೊಂದು ವಿಳಾಸದ ಸಬ್‌ಮಾಡ್ಯೂಲನ್ನು ಸೇರಿಸುವ ಯೋಚನೆಯಿದ್ದರೆ ಮಾತ್ರ ಅದನ್ನು ಮೊದಲು ಅಳಿಸಿ, ಆಮೇಲೆ ಹೊಸದನ್ನು ಸೇರಿಸಿ.